ಕಾಗದವು ರೊಕ್ಕವಾದ ಬಗೆ

ಬೇಗಂ ಬಜಾರಿನ ಓಣಿಗಳನ್ನು ತುಳಿಯದ ಕನ್ನಡಿಗರು ಹೈದರಾಬಾದಿನಲ್ಲಿ ವಿರಳ. ಮಗಳ ಮದುವೆಗೆ ಹಂಡೆ ಕೊಪ್ಪರಿಗೆಗಳು ಬೇಕಾದರೆ, ಸೀಮಂತಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಬೇಕಾದರೆ, ನಮ್ಮ ಹೆಂಗಸರು ಮೊದಲು ನೆನೆಯುವುದು ಇದೇ ಪೇಟೆಯನ್ನು. ಕಲಬುರ್ಗಿ, ರಾಯಚೂರು, ಬೀದರಗಳಿಂದ ಬಂದ ನೆಂಟರಿಗೆ ಚಾರ್ಮಿನಾರನ್ನು ತೋರಿಸುತ್ತೇವೆ. ಅವರ ಚೀಲ ತುಂಬುವುದು ಮಾತ್ರ ಬೇಗಂ ಬಜಾರಿನಲ್ಲಿ. ಎರಡನೆಯ ಆಸಫ್ ಜಾಹ್ ನಿಜಾಂ ಅಲಿ ಖಾನರ ಪತ್ನಿ ಹಮ್ದಾ ಬೇಗಂ ಅವರು ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ನೆಲದಲ್ಲಿ ಈ ಪೇಟೆ ಬೆಳೆಯಿತೆಂದು ಹೇಳುತ್ತಾರೆ. ಹೆಸರೂ ಆ ಬೇಗಂ ಅವರಿಂದಲೇ ಬಂದುದು.

ಈ ಪೇಟೆಯ ಸೆರಗಿನಲ್ಲಿರುವ ಬ್ಯಾಂಕೊಂದರಲ್ಲಿ ನಾವು ಗುಮಾಸ್ತರು. ದಿನವಿಡೀ ನೋಟು ಎಣಿಸುವುದೇ ನಮ್ಮ ಕಸುಬಾದ್ದರಿಂದ ನೋಟಿನ ಚರಿತ್ರೆಯ ಬಗ್ಗೆ ನಮಗೆ ಒಂದಿಷ್ಟು ಕುತೂಹಲ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಲೇಖನಕ್ಕೆ ಪ್ರೇರಣೆ ಬ್ಯಾಂಕಿನಲ್ಲಿ ದೊರೆಯಲಿಲ್ಲ. ನಮ್ಮ ಸಂಘದ ಸಭೆಯಲ್ಲಿ ದೊರೆಯಿತು.

ನಮ್ಮ ಮಕ್ಕಳಿಗಾಗಿ ರವಿವಾರದ ಕನ್ನಡ ತರಗತಿ ತೆರೆಯಬೇಕೆಂಬ ಮಾತು ಸಂಘದಲ್ಲಿ ಎರಡು ವರ್ಷಗಳಿಂದ ನಡೆದಿದೆ. ಬೇಗಂ ಬಜಾರಿನಲ್ಲಿ ಅಂಗಡಿ ಇಟ್ಟಿರುವ ನಮ್ಮವರೇ ಒಬ್ಬರು ಮೇಲಂತಸ್ತಿನ ಕೋಣೆಯನ್ನು ಬಿಟ್ಟುಕೊಡಲು ಒಪ್ಪಿದ್ದಾರೆ. ಆದರೂ ಪ್ರತಿ ಸಭೆಯಲ್ಲಿ ಒಂದು ಕೊರತೆ ಎದ್ದು ನಿಲ್ಲುತ್ತದೆ. ಪಠ್ಯಪುಸ್ತಕ ನಿಶ್ಚಯವಾಗಿಲ್ಲ, ತರಬೇತಾದ ಮೇಷ್ಟ್ರು ಸಿಕ್ಕಿಲ್ಲ, ಬೆಂಚುಗಳಿಲ್ಲ. ಒಬ್ಬರು, “ಅರೆಬೆಂದದ್ದನ್ನು ಬಡಿಸಿದರೆ ಸಂಘದ ಮರ್ಯಾದೆ ಹೋಗುತ್ತದೆ” ಎನ್ನುತ್ತಾರೆ. ಇನ್ನೊಬ್ಬರು, “ಅನ್ನ ಬೇಯುವತನಕ ಕಾದು ಕೂತರೆ ಮಕ್ಕಳು ಉಂಡು ಮಲಗಿರುತ್ತಾರೆ” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹೊಸದೊಂದನ್ನು ಜನರ ಕೈಗೆ ಕೊಡುವ ಹೊತ್ತು ಯಾವುದು? ಪೂರ್ಣವಾಗುವತನಕ ಕಾಯಬೇಕೆ, ಇದ್ದಷ್ಟರಲ್ಲಿ ಆರಂಭಿಸಬೇಕೆ? ನಾವು ಕುಳಿತು ಮಾತಾಡುವ ಇದೇ ಊರಿನಲ್ಲಿ ನೂರು ವರ್ಷಗಳ ಹಿಂದೆ ಒಂದು ಸರ್ಕಾರ ಇದೇ ಪ್ರಶ್ನೆಯನ್ನು ಎದುರಿಸಿತ್ತು. ಅದು ಕೊಡಹೊರಟಿದ್ದ ಹೊಸ ವಸ್ತು ಕಾಗದದ ಹಣ.

ಸಾಹುಕಾರರ ಹುಂಡಿ

ಸರ್ಕಾರಿ ನೋಟು ಬರುವುದಕ್ಕೆ ಬಹಳ ಮೊದಲೇ ಈ ಊರಿನಲ್ಲಿ ಕಾಗದ ರೊಕ್ಕದ ಕೆಲಸ ಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಗಂ ಬಜಾರು ಮತ್ತು ಕಾರವಾನ್ ಪ್ರದೇಶಗಳಲ್ಲಿ ನೆಲಸಿದ್ದ ಗೋಸಾಯಿ, ಮಾರವಾಡಿ ಹಾಗೂ ಗುಜರಾತಿ ಸಾಹುಕಾರರು ನಿಜಾಂ ಸರ್ಕಾರಕ್ಕೇ ಸಾಲ ಕೊಡುವಷ್ಟು ಬಲಾಢ್ಯರಾಗಿದ್ದರು. ಅವರ ಕೈಯ ಆಯುಧವೇ ಹುಂಡಿ. ಇಲ್ಲಿಯ ಸಾಹುಕಾರ ಒಂದು ಚೀಟಿ ಬರೆದು, ದೂರದ ಊರಿನಲ್ಲಿರುವ ತನ್ನ ಆಡತ್ಯನಿಗೆ “ಇದನ್ನು ತಂದವರಿಗೆ ಇಷ್ಟು ರೂಪಾಯಿ ಕೊಡತಕ್ಕದ್ದು” ಎಂದು ತಿಳಿಸುತ್ತಿದ್ದನು. ತೋರಿಸಿದ ಕೂಡಲೆ ಹಣ ಸಲ್ಲುವುದು ದರ್ಶನಿ ಹುಂಡಿ. ಗೊತ್ತಾದ ದಿನಗಳ ಅನಂತರ ಸಲ್ಲುವುದು ಮುದ್ದತಿ ಹುಂಡಿ. ಪ್ರತಿಷ್ಠಿತ ವ್ಯಾಪಾರಿಯ ಮೂಲಕ ಬಂದರೆ ಮಾತ್ರ ಸಲ್ಲುವ ಶಾಹಜೋಗ ಹುಂಡಿಯೂ ಉಂಟು. ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೆಯ ಪ್ರತಿ. ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯ ಪ್ರತಿ. ಹಣ ಸಂದ ಮೇಲೆ ಅದೇ ಹುಂಡಿ ‘ಖೋಖಾ’ ಆಗಿ ಕಡತ ಸೇರುತ್ತಿತ್ತು.

ಬಿ.ಕಾಂ. ತರಗತಿಯಲ್ಲಿ ಈ ಹೆಸರುಗಳನ್ನು ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅರ್ಥ ಹೊಳೆದದ್ದು ಕೆಲಸಕ್ಕೆ ಸೇರಿದ ಮೇಲೆ. ಸಾಹುಕಾರನು ಚೀಟಿ ಬರೆದ ಮಾತ್ರಕ್ಕೆ ಹುಂಡಿ ಸಿದ್ಧವಾಗುತ್ತಿರಲಿಲ್ಲ. ಆ ಕಡೆಯ ಅಂಗಡಿಯಲ್ಲಿ ಹಣ ಕೊಡುವವನು ಕುಳಿತಿದ್ದಾನೆಯೆ? ಅವನಿಗೆ ಮುಂಚಿತವಾಗಿ ಪತ್ರ ಹೋಗಿದೆಯೆ? ಅವನ ತಿಜೋರಿಯಲ್ಲಿ ಬೆಳ್ಳಿ ಇದೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ಇದ್ದಾಗಲೇ ಅದು ಸಿದ್ಧ. ಕಾಗದದ ಅಂದಚೆಂದವನ್ನು ಯಾರೂ ಕೇಳುತ್ತಿರಲಿಲ್ಲ. ಅದನ್ನು ಮರಳಿ ಸ್ವೀಕರಿಸುವ ಕೈ ಎಲ್ಲಿದೆ ಎಂದಷ್ಟೇ ಕೇಳುತ್ತಿದ್ದರು.

ಚರ್ಖಿಯಿಂದ ಚಾರ್ಮಿನಾರಿಗೆ

ನೋಟಿಗೆ ಮುನ್ನ ನಾಣ್ಯದ ಮಾತನ್ನೂ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ನಿಜಾಂ ಸೀಮೆಯಲ್ಲಿ ಹಲವು ಟಂಕಸಾಲೆಗಳಿದ್ದುವು. ನಮ್ಮ ರಾಯಚೂರಿಗೆ ಹೊಂದಿಕೊಂಡ ಗದ್ವಾಲದಲ್ಲಿ ಒಂದು ರೂಪಾಯಿ, ನಾರಾಯಣಪೇಟೆಯಲ್ಲಿ ಇನ್ನೊಂದು ರೂಪಾಯಿ. ತೂಕ, ಬೆಲೆಗಳಲ್ಲಿ ವ್ಯತ್ಯಾಸ. ಸಂತೆಗೆ ಹೋದ ರೈತ ಸರಾಫನ ಮುಂದೆ ಕುಳಿತು ಬಟ್ಟಾ ತೆತ್ತು ಹಣ ಬದಲಿಸಿಕೊಳ್ಳಬೇಕಾಗಿತ್ತು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ ಅವರ ಆಡಳಿತದಲ್ಲಿ ಈ ಗೊಂದಲ ಕಡಿಮೆಯಾಗಿ, ರಾಜಧಾನಿಯ ಟಂಕಸಾಲೆಯ ‘ಹಾಲಿ ಸಿಕ್ಕಾ’ ಎಂಬ ರೂಪಾಯಿ ನೆಲೆಗೊಂಡಿತು. ಹಾಲಿ ಎಂದರೆ ಸದ್ಯ ನಡೆಯುತ್ತಿರುವುದು. ಈ ಅರ್ಥದಲ್ಲಿ ನಾವು ಇಂದಿಗೂ ಕನ್ನಡದಲ್ಲಿ ಆ ಮಾತನ್ನು ಬಳಸುತ್ತೇವೆ.

ಆದರೂ ಹಾಲಿ ಸಿಕ್ಕಾ ಬಹುಕಾಲ ಕೈಯಿಂದ ಬಡಿದ ನಾಣ್ಯವೇ ಆಗಿತ್ತು. ಬ್ರಿಟಿಷರ ರೂಪಾಯಿ ಯಂತ್ರದಿಂದ ಬಂದುದಾದ್ದರಿಂದ ಅದನ್ನು ಜನ ‘ಕಲ್ದಾರ್’ ಎಂದು ಕರೆದರು. ನಮ್ಮ ಅಜ್ಜಂದಿರ ಬಾಯಲ್ಲಿ ಕಲ್ದಾರ್, ಹಾಲಿ ಎಂಬ ಎರಡು ಹೆಸರುಗಳೂ ಕೊನೆಯತನಕ ಉಳಿದಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೈದರಾಬಾದು ತಾನೂ ಯಂತ್ರದ ನಾಣ್ಯಕ್ಕೆ ಕೈಹಾಕಿತು. ಆ ಮೊದಲ ಯಂತ್ರದ ರೂಪಾಯಿಗೆ ‘ಚರ್ಖಿ’ ಎಂದು ಹೆಸರು. ಚರ್ಖಿ ಎಂದರೆ ಚಕ್ರ. ನಾವೆಲ್ಲ ಹಳೆಯ ಪೆಟ್ಟಿಗೆಗಳಲ್ಲಿ ಕಂಡಿರುವ ಚಾರ್ಮಿನಾರಿನ ಚಿತ್ರ ಅದರ ಮೇಲೆ ಇರಲಿಲ್ಲ. ಚಾರ್ಮಿನಾರಿನ ರೂಪಾಯಿ ಬಂದುದು 1903–04ರ ಸುಮಾರಿಗೆ, ಸೈಫಾಬಾದಿನ ಹೊಸ ಟಂಕಸಾಲೆ ಆರಂಭವಾದ ಕಾಲದಲ್ಲಿ. ಅಂದವಾದ ಚಿತ್ರ ಸಿದ್ಧವಾಗುವವರೆಗೆ ಟಂಕಸಾಲೆಯವರು ಕಾಯಲಿಲ್ಲವೆಂಬುದನ್ನು ಗಮನಿಸಬೇಕು. ಚರ್ಖಿ ಸಾದಾ ಆಗಿದ್ದರೂ ಬೆಳ್ಳಿಯ ನಾಣ್ಯ. ಪಡೆದವನಿಗೆ ಅದರಿಂದ ನಷ್ಟವಿರಲಿಲ್ಲ. ಮೈಮೇಲಿನ ಅಲಂಕಾರ ತಡವಾಗಿ ಬರಬಹುದು. ಒಳಗಿನ ಬೆಳ್ಳಿ ಮೊದಲ ದಿನವೇ ಇರಬೇಕು. ಕಾಗದದ ವಿಷಯ ಕಠಿನವಾಗುವುದು ಇಲ್ಲಿಯೇ. ಕಾಗದದೊಳಗೆ ಬೆಳ್ಳಿ ಇರುವುದಿಲ್ಲ; ಅದು ಖಜಾನೆಯಲ್ಲಿರಬೇಕು.

ಹತ್ತು ಮೊದಲು, ಒಂದು ಆಮೇಲೆ

ಬ್ರಿಟಿಷ್ ಇಂಡಿಯಾ ಈ ಪಾಠವನ್ನು ಮೊದಲು ಕಲಿಯಿತು. 1861ರ ಕಾಗದದ ನಾಣ್ಯ ಕಾಯಿದೆಯಿಂದ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕೈಸೇರಿತು. ಆದರೆ ಆ ನೋಟು ದೇಶದ ತುಂಬ ನಡೆಯುವ ನೋಟಾಗಿರಲಿಲ್ಲ. ದೇಶವನ್ನು ಕಲ್ಕತ್ತೆ, ಮುಂಬಯಿ, ಮದರಾಸು ಮುಂತಾದ ವೃತ್ತಗಳಾಗಿ ವಿಂಗಡಿಸಿ, ಒಂದು ವೃತ್ತದ ನೋಟಿಗೆ ಆ ವೃತ್ತದ ಕಚೇರಿಯಲ್ಲಿ ಮಾತ್ರ ಬೆಳ್ಳಿ ಕೊಡುವ ಏರ್ಪಾಡು ಮಾಡಿದ್ದರು. ಅಂಚೆಯಲ್ಲಿ ಕಳುಹಿಸುವವರು ನೋಟನ್ನು ಎರಡಾಗಿ ಕತ್ತರಿಸಿ, ಒಂದು ಅರ್ಧ ತಲಪಿತೆಂದು ತಿಳಿದ ಮೇಲೆ ಇನ್ನೊಂದು ಅರ್ಧವನ್ನು ಕಳುಹಿಸುವ ರೂಢಿಯೂ ಇತ್ತು. ಮೊದಮೊದಲು ಹತ್ತು ರೂಪಾಯಿಗಿಂತ ಚಿಕ್ಕ ನೋಟು ಇರಲಿಲ್ಲ. ಐದು ರೂಪಾಯಿಯ ನೋಟು ಬಂದುದು 1870ರ ದಶಕದಲ್ಲಿ. ಆ ಐದು ರೂಪಾಯಿಯ ನೋಟನ್ನು ಬರ್ಮಾ ಬಿಟ್ಟು ಎಲ್ಲ ವೃತ್ತಗಳಲ್ಲೂ ಸಲ್ಲುವಂತೆ ಮಾಡಿದ್ದು 1903ರಲ್ಲಿ; ಹತ್ತು ಮತ್ತು ಐವತ್ತರ ನೋಟುಗಳನ್ನು 1910ರಲ್ಲಿ; ನೂರರ ನೋಟನ್ನು 1911ರಲ್ಲಿ. ಅಂದರೆ ಮೊದಲ ನೋಟಿನಿಂದ ಎಲ್ಲೆಡೆ ಸಲ್ಲುವ ನೂರರ ನೋಟಿನವರೆಗೆ ಐವತ್ತು ವರ್ಷಗಳ ಹಾದಿ. ಎಲ್ಲೆಲ್ಲಿ ಮರಳಿ ಬೆಳ್ಳಿ ಕೊಡುವ ಶಕ್ತಿ ಇತ್ತೊ ಅಲ್ಲಲ್ಲಿ ನೋಟಿಗೆ ದಾರಿ ಬಿಟ್ಟರು. ಶಕ್ತಿ ಬೆಳೆದಂತೆ ದಾರಿಯನ್ನು ಅಗಲ ಮಾಡಿದರು.

ಹೈದರಾಬಾದಿಗೂ ಸ್ವಂತ ನೋಟಿನ ಆಸೆ ಹಳೆಯದು. ಖಾಸಗಿ ಸಾಹುಕಾರರೂ ಕಂಪನಿಗಳೂ ಪ್ರಯತ್ನಪಟ್ಟದ್ದುಂಟು. ಆದರೆ ದೇಶೀಯ ಸಂಸ್ಥಾನಗಳು ಕಾಗದದ ಹಣ ಹೊರಡಿಸುವುದನ್ನು ಬ್ರಿಟಿಷರು ಒಪ್ಪುತ್ತಿರಲಿಲ್ಲ. ಬಾಗಿಲು ತೆರೆದದ್ದು ಮೊದಲನೆಯ ಮಹಾಯುದ್ಧ. ಯುದ್ಧಕಾಲದಲ್ಲಿ ಬೆಳ್ಳಿಗೆ ಬರ ಬಂತು. ಹೈದರಾಬಾದು ಯುದ್ಧಕ್ಕೆ ಕೊಟ್ಟ ನೆರವೂ ಅದರ ಬೇಡಿಕೆಗೆ ಬಲ ತಂದಿತು. ಏಳನೆಯ ನಿಜಾಂ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ, 1918ರಲ್ಲಿ, ಹೈದರಾಬಾದು ನಾಣ್ಯ ಕಾಯಿದೆ ಜಾರಿಗೆ ಬಂದು ‘ಉಸ್ಮಾನಿಯಾ ಸಿಕ್ಕಾ’ದ ನೋಟುಗಳು ಹೊರಟವು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥನೆ. ಬೆಳ್ಳಿಯ ರೂಪಾಯಿಗೆ ಕೊರತೆ ಎಂದ ಮೇಲೆ ಮೊದಲು ಒಂದು ರೂಪಾಯಿಯ ನೋಟನ್ನೇ ಅಚ್ಚು ಹಾಕಿಸಬೇಕಿತ್ತಲ್ಲವೆ? ಹಾಗಾಗಲಿಲ್ಲ. 1918ರಲ್ಲಿ ಬಂದುವು ಹತ್ತು ರೂಪಾಯಿ ಮತ್ತು ನೂರು ರೂಪಾಯಿಯ ನೋಟುಗಳು. ಒಂದು ರೂಪಾಯಿ, ಐದು ರೂಪಾಯಿಯ ನೋಟುಗಳು ಬಂದುದು 1919ರಲ್ಲಿ. ಸಾವಿರ ರೂಪಾಯಿಯ ನೋಟು 1926ರಲ್ಲಿ.

ಈ ಅನುಕ್ರಮದ ಜಾಣ್ಮೆ ಗಲ್ಲಾದ ಮೇಲೆ ಕುಳಿತವರಿಗೆ ಬೇಗ ಕಾಣುತ್ತದೆ. ಅಂದಿನ ಹತ್ತು ರೂಪಾಯಿ ಕೂಲಿಕಾರನ ಕೈಗೆ ದಿನವೂ ಸಿಕ್ಕುವ ಮೊತ್ತವಲ್ಲ. ಅದು ಓಡಾಡುವುದು ಬೇಗಂ ಬಜಾರಿನ ಸಾಹುಕಾರ, ಗುತ್ತಿಗೆದಾರ, ಸರ್ಕಾರಿ ಖಜಾನೆ ಇವರ ನಡುವೆ. ಇವರೆಲ್ಲ ಹುಂಡಿಯನ್ನು ಬಲ್ಲವರು. ಕಾಗದವನ್ನು ಕಂಡು ಬೆದರುವವರಲ್ಲ. ಸಂದೇಹ ಬಂದರೆ ಖಜಾನೆಗೆ ನಡೆದುಹೋಗಿ ಬೆಳ್ಳಿ ಕೇಳಬಲ್ಲವರು. ಅವರು ಕೇಳಿದರೆ ಒಂದು ನೋಟಿಗೆ ಒಂದು ಸಲ ಎಣಿಸಿ ಕೊಟ್ಟರಾಯಿತು. ಹೊಸ ವಸ್ತುವಿನ ಪರೀಕ್ಷೆಯನ್ನು ತಿಳಿದವರ ಕೈಯಲ್ಲಿ ಮಾಡಿಸುವುದು ಎಂದರೆ ಇದೇ. ಸಾಹುಕಾರನು ನೂರರ ನೋಟನ್ನು ತಿರಸ್ಕರಿಸಿದರೆ ಸರ್ಕಾರಕ್ಕೆ ಮುಜುಗರವಾದೀತು, ಅಷ್ಟೆ. ಲಿಂಗಸುಗೂರಿನ ಸಂತೆಯಲ್ಲಿ ಮೆಣಸಿನಕಾಯಿ ಮಾರಿದ ಮುದುಕಿಯ ಕೈಯಲ್ಲಿ ಒಂದು ರೂಪಾಯಿಯ ನೋಟು ಸಲ್ಲದೆ ಹೋಗಿದ್ದರೆ ಆಕೆಯ ವಾರದ ಊಟವೇ ಹೋಗುತ್ತಿತ್ತು. ಬಡವರಿಗೆ ತಲಪುವ ನೋಟು ಒಂದು ವರ್ಷ ತಡವಾಗಿ ಬಂದುದರಿಂದ ಅವರಿಗೆ ಅನ್ಯಾಯವಾಗಲಿಲ್ಲ. ಅಷ್ಟರಲ್ಲಿ ಪೇಟೆಯ ದೊಡ್ಡವರು ಅದೇ ಸರ್ಕಾರದ ಕಾಗದವನ್ನು ಕೈಗೆ ಪಳಗಿಸಿಕೊಂಡಿದ್ದರು.

ಅವಸರವೂ ಅದರ ಬೆಲೆಯೂ

ಕಾಲ ಯಾವಾಗಲೂ ಇಷ್ಟು ಬಿಡುವು ಕೊಡುವುದಿಲ್ಲ. ಅದೇ ಯುದ್ಧದ ಒತ್ತಡದಲ್ಲಿ ಬ್ರಿಟಿಷ್ ಇಂಡಿಯಾ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರತಂದಿತು. ಅದರ ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟೂ ಬಂತು. 1918ರಲ್ಲಿ ಯುದ್ಧದ ಕೆಟ್ಟ ಸುದ್ದಿಗಳು ಬಂದಾಗ ಜನ ನೋಟುಗಳನ್ನು ಹಿಡಿದು ಬೆಳ್ಳಿ ಕೇಳಲು ಮುಂಬಯಿಯ ನೋಟು ಕಚೇರಿಗೆ ಮುತ್ತಿದರು. ಸರ್ಕಾರದ ಬೆಳ್ಳಿ ತಳ ಕಾಣುವ ಹಂತಕ್ಕೆ ಬಂದಿತ್ತು. ಅಮೆರಿಕವು ಆ ವರ್ಷದ ಏಪ್ರಿಲಿನಲ್ಲಿ ಪಿಟ್‌ಮನ್ ಕಾಯಿದೆ ಮಾಡಿ, ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸು ಬೆಳ್ಳಿಯನ್ನು ಭಾರತಕ್ಕೆ ಮಾರಿದ್ದರಿಂದ ನೋಟಿನ ಮಾನ ಉಳಿಯಿತು. ಕೊಟ್ಟ ಮಾತನ್ನು ನಡೆಸಲು ಏಳು ಸಮುದ್ರದಾಚೆಯಿಂದ ಬೆಳ್ಳಿ ತರಿಸಬೇಕಾಯಿತೆಂಬುದು ಸಣ್ಣ ಸಂಗತಿಯಲ್ಲ. ಕೊನೆಗೆ ಈ ಎರಡು ಚಿಕ್ಕ ನೋಟುಗಳನ್ನೂ ಖರ್ಚು ಹೆಚ್ಚೆಂಬ ಕಾರಣಕ್ಕೆ 1926ರ ಜನವರಿ 1ರಿಂದ ನಿಲ್ಲಿಸಿದರು. ಒಂದು ರೂಪಾಯಿಯ ನೋಟು 1940ರಲ್ಲಿ, ಇನ್ನೊಂದು ಮಹಾಯುದ್ಧದ ಕಾಲಕ್ಕೆ, ತಿರುಗಿ ಬಂತು. ಎರಡು ರೂಪಾಯಿ ಎಂಟಾಣೆಯ ನೋಟು ಬರಲೇ ಇಲ್ಲ. ಅದನ್ನು ಕೇಳಿದವರೂ ಇರಲಿಲ್ಲ.

ಹೈದರಾಬಾದಿನ ನೋಟಿಗೆ ಸಂಬಂಧಿಸಿದ ಇನ್ನೊಂದು ಪ್ರಸಂಗವೂ ಉಂಟು. ಆರಂಭದಲ್ಲಿ ಈ ನೋಟುಗಳು ವಿಲಾಯಿತಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದುವು. 1922ರ ಮೇ 20ರಂದು ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸಿನ ಕರಾವಳಿಯ ಬಳಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಅದರಲ್ಲಿ ಚಿನ್ನ ಬೆಳ್ಳಿಗಳ ಜೊತೆಗೆ ಹೈದರಾಬಾದಿನ ನೋಟುಗಳ ಕಟ್ಟುಗಳೂ ಇದ್ದುವು. ಹತ್ತು ವರ್ಷಗಳ ಮೇಲೆ ಇಟಲಿಯ ಮುಳುಗುಗಾರರು ಸಮುದ್ರದ ತಳದಿಂದ ಚಿನ್ನವನ್ನು ಎತ್ತಿದರು. ನೋಟುಗಳೂ ಮೇಲೆ ಬಂದುವು. ಚಿನ್ನ ಸಮುದ್ರದಲ್ಲಿ ಹತ್ತು ವರ್ಷ ಇದ್ದರೂ ಚಿನ್ನವೇ. ನೋಟುಗಳು ಮಾತ್ರ ಸರ್ಕಾರವು ಇನ್ನೂ ಚಲಾವಣೆಗೆ ಬಿಡದಿದ್ದ ಕಾಗದ. ಅವು ಮುಂದೆ ಸಂಗ್ರಾಹಕರ ಆಲ್ಬಮ್ಮಿಗೆ ಸೇರಿದುವು. ಅಚ್ಚು ಪೂರ್ತಿಯಾಗಿತ್ತು, ಬಣ್ಣ ಪೂರ್ತಿಯಾಗಿತ್ತು. ಆದರೂ ಅದು ಹಣವಾಗಿರಲಿಲ್ಲ. ವಸ್ತು ಮುಗಿಯುವುದು ಬೇರೆ, ಸಿದ್ಧವಾಗುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ನೋಟಿನ ಮೇಲಿನ ಕನ್ನಡ

ಕನ್ನಡಿಗರಾದ ನಾವು ಮರೆಯಬಾರದ ಮಾತೊಂದಿದೆ. ಹೈದರಾಬಾದಿನ ನೋಟುಗಳಲ್ಲಿ ಉರ್ದುವೇ ಪ್ರಧಾನವಾಗಿದ್ದರೂ, ನೋಟಿನ ಮೊತ್ತವನ್ನು ತೆಲುಗು, ಮರಾಠಿ, ಕನ್ನಡಗಳಲ್ಲೂ ಅಚ್ಚು ಮಾಡಲಾಗುತ್ತಿತ್ತು. ಶಾಲೆಯಲ್ಲಿ, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಕನ್ನಡಕ್ಕೆ ಆ ಸಂಸ್ಥಾನದಲ್ಲಿ ಎಷ್ಟು ಸ್ಥಳವಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ಆದರೂ ನೋಟಿನ ಮೇಲೆ ಕನ್ನಡ ಇರಬೇಕಾಯಿತು. ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳ ಒಕ್ಕಲಿಗನು ತೆರಿಗೆ ಕಟ್ಟುವಾಗ, ಜೋಳ ಮಾರುವಾಗ, ತನ್ನ ಕೈಯಲ್ಲಿರುವುದು ಐದೋ ಹತ್ತೋ ಎಂದು ಓದಲಾಗದಿದ್ದರೆ ಆ ನೋಟು ಅವನ ಊರಿನಲ್ಲಿ ನಡೆಯುವುದೆಂತು? ಪ್ರೀತಿಯಿಂದ ಕೊಟ್ಟ ಸ್ಥಾನವೋ ಅಗತ್ಯದಿಂದ ಕೊಟ್ಟದ್ದೋ, ಒಂದು ವಿವೇಕ ಅದರಲ್ಲಿತ್ತು: ಬಳಸುವವನ ಭಾಷೆ ನೋಟಿಗೆ ಆಭರಣವಲ್ಲ, ಅದರ ಒಂದು ಅಂಗ. ಬೇಗಂ ಬಜಾರಿನ ಒಂದು ಮನೆಯಲ್ಲಿ ಹಿರಿಯರೊಬ್ಬರು ದೇವರ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಅಂಥ ಒಂದು ನೋಟನ್ನು ನಮಗೆ ತೋರಿಸಿದರು. ಅರಸನ ಲಿಪಿಯ ನಡುವೆ ಆ ಪುಟ್ಟ ಕನ್ನಡದ ಸಾಲನ್ನು ಕಂಡಾಗ ಪರಊರಿನ ಜಾತ್ರೆಯಲ್ಲಿ ನಮ್ಮ ಓಣಿಯವರನ್ನು ಕಂಡಂತಾಯಿತು.

ಈ ನೋಟು ಹೋದ ಬಗೆಯೂ ಬಂದ ಬಗೆಯಂತೆ ಮೆಲ್ಲಗೆ. 1942ರ ಏಪ್ರಿಲ್ 5ರಂದು ಕೆಲಸ ಆರಂಭಿಸಿದ ಹೈದರಾಬಾದು ಸ್ಟೇಟ್ ಬ್ಯಾಂಕು ಉಸ್ಮಾನಿಯಾ ಸಿಕ್ಕಾದ ನಿರ್ವಹಣೆಯನ್ನು ಹೊತ್ತಿತ್ತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1950ರಲ್ಲಿ ಭಾರತದ ರೂಪಾಯಿ ಇಲ್ಲಿ ಜೊತೆಜೊತೆಗೆ ನಡೆಯತೊಡಗಿತು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬುದು ಲೆಕ್ಕ. 1951ರಲ್ಲಿ ಹಾಲಿ ಸಿಕ್ಕಾ ಹೊರಡಿಸುವುದು ನಿಂತಿತು. ಆದರೆ ಜನರ ಕೈಯಲ್ಲಿದ್ದುದು ಪೂರ್ತಿ ಸಲ್ಲದಾದದ್ದು 1959ರಲ್ಲಿ. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ನಮ್ಮ ಮೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ನೋಟನ್ನು ತಂದು ಕೊಟ್ಟವರಿಂದ ಮರಳಿ ಪಡೆಯಲು ವರ್ಷಗಳ ಅವಕಾಶ ಕೊಟ್ಟರೆಂಬುದು ಆ ವ್ಯವಸ್ಥೆಗೆ ಗೌರವ ತರುವ ಸಂಗತಿ.

ನಮ್ಮ ಕಾಲದ ಗಲ್ಲಾ

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2016ರ ನವೆಂಬರ್ 8ರ ರಾತ್ರಿಯನ್ನು ನಮ್ಮ ಓದುಗರು ಮರೆತಿರಲಾರರು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇಕಡ 86ರಷ್ಟಿದ್ದ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದುವು. ಹೊಸದಾಗಿ ಬಂದ 2000ದ ನೋಟಿನ ಅಳತೆ 66 ಮತ್ತು 166 ಮಿಲಿಮೀಟರು. ಹಳೆಯ ಸಾವಿರದ ನೋಟಿನದು 73 ಮತ್ತು 177. ಆದಕಾರಣ ದೇಶದ ಎ.ಟಿ.ಎಂ. ಯಂತ್ರಗಳ ನೋಟಿನ ಪೆಟ್ಟಿಗೆಗಳನ್ನೆಲ್ಲ ಹೊಸ ಅಳತೆಗೆ ಹೊಂದಿಸಬೇಕಾಯಿತು. ಅದಕ್ಕೆ ವಾರಗಳೇ ಹಿಡಿದುವು. 2000ವನ್ನು ಒಡೆದು ಕೊಡಲು ಬೇಕಾದ ಹೊಸ 500ರ ನೋಟು ಸಾಕಷ್ಟು ದೊರೆಯುವುದೂ ತಡವಾಯಿತು. ಆ ಕ್ರಮದ ಸರಿತಪ್ಪುಗಳ ವಿಚಾರ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಗಲ್ಲಾದ ಹಿಂದೆ ಕುಳಿತು ಕಂಡದ್ದನ್ನು ಮಾತ್ರ ಹೇಳುತ್ತೇವೆ. ಯಾದಗಿರಿ ಕಡೆಯ ವೃದ್ಧೆಯೊಬ್ಬರು ನಾಲ್ಕು ಗಂಟೆ ಸಾಲಿನಲ್ಲಿ ನಿಂತು ಒಂದು ಗುಲಾಬಿ ನೋಟು ಪಡೆದು ಹೋದರು, ಅರ್ಧ ಗಂಟೆಯಲ್ಲಿ ತಿರುಗಿ ಬಂದು ಅದನ್ನು ನಮ್ಮ ಮುಂದಿಟ್ಟು, “ತಮ್ಮಾ, ಔಷಧದ ಅಂಗಡ್ಯಾಗ ಇದಕ ಚಿಲ್ಲರ ಇಲ್ಲಂತ. ನೀನ ಕೊಟ್ಟೀಯಲ್ಲ, ನೀನ ತಗೋ” ಎಂದರು. ನಮ್ಮ ಗಲ್ಲಾದಲ್ಲಿಯೂ ಚಿಲ್ಲರೆ ಇರಲಿಲ್ಲ. ನಮ್ಮ ಜೇಬಿನಲ್ಲಿದ್ದ ಹತ್ತರ, ಇಪ್ಪತ್ತರ ನೋಟುಗಳನ್ನು ಒಟ್ಟುಗೂಡಿಸಿ ಔಷಧಕ್ಕೆ ಬೇಕಾದಷ್ಟನ್ನು ಸಾಲವಾಗಿ ಕೊಟ್ಟೆವು. ಮೂರನೆಯ ದಿನ ಆಕೆ ಬಂದು ತೀರಿಸಿದರು. ನೋಟಿನ ಚರಿತ್ರೆಯ ಬಗ್ಗೆ ನಾವು ಓದಿದ ಯಾವ ಮಾತೂ “ನೀನ ಕೊಟ್ಟೀಯಲ್ಲ, ನೀನ ತಗೋ” ಎಂಬ ಆ ಮಾತಿನಷ್ಟು ಸ್ಪಷ್ಟವಾಗಿಲ್ಲ. 2000ದ ಆ ನೋಟನ್ನು ಚಲಾವಣೆಯಿಂದ ಹಿಂದೆ ಪಡೆಯುವುದಾಗಿ ರಿಸರ್ವ್ ಬ್ಯಾಂಕು 2023ರ ಮೇ 19ರಂದು ಸಾರಿತು.

ಇದಕ್ಕೆ ಬೇರೆಯಾದ ದಾರಿಯನ್ನೂ ಅದೇ ವರ್ಷಗಳಲ್ಲಿ ಕಂಡೆವು. ಇಂದು ಬೇಗಂ ಬಜಾರಿನ ತಳ್ಳುಗಾಡಿಯಲ್ಲೂ ನಡೆಯುವ ಯು.ಪಿ.ಐ. ಪದ್ಧತಿಯನ್ನು 2016ರ ಏಪ್ರಿಲ್ 11ರಂದು 21 ಬ್ಯಾಂಕುಗಳೊಡನೆ ಪ್ರಾಯೋಗಿಕವಾಗಿ ಆರಂಭಿಸಿ, ಸಾರ್ವಜನಿಕರ ಮೊಬೈಲಿಗೆ ಬಿಟ್ಟದ್ದು ಆಗಸ್ಟ್ 25ರ ಹೊತ್ತಿಗೆ. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯನ್ನು 2022ರ ಡಿಸೆಂಬರ್ 1ರಂದು ಮುಂಬಯಿ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ, ಆಯ್ದ ಗ್ರಾಹಕರು ಮತ್ತು ವರ್ತಕರ ಒಂದು ಬಳಗದಲ್ಲಿ ಮಾತ್ರ ಆರಂಭಿಸಿದರು. ಅನಂತರ ವಿಸ್ತರಿಸಬೇಕಾದ ಊರುಗಳ ಪಟ್ಟಿಯಲ್ಲಿ ನಮ್ಮ ಹೈದರಾಬಾದೂ ಇತ್ತು. 1861ರ ವೃತ್ತಗಳೂ 1918ರ ಹತ್ತು–ನೂರುಗಳೂ ಹೊಸ ವೇಷದಲ್ಲಿ ಬಂದಂತೆ ನಮಗೆ ಕಂಡಿತು. ಪರೀಕ್ಷೆಗೆ ಮುನ್ನವೇ ನಿಂತ ಯೋಜನೆಯೂ ಒಂದುಂಟು. ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟನ್ನು ನಮ್ಮ ಮೈಸೂರೂ ಸೇರಿದಂತೆ ಐದು ನಗರಗಳಲ್ಲಿ ಪ್ರಯೋಗಿಸುವುದಾಗಿ ಹತ್ತು ವರ್ಷಗಳ ಹಿಂದೆಯೇ ಪ್ರಕಟಿಸಿದ್ದರು. ಅದು ಜನರ ಕೈಗೆ ಬಂದಿಲ್ಲ.

ಇಷ್ಟನ್ನು ಓದಿದ ಮೇಲೆ ನಮ್ಮ ಸಭೆಯ ಇಬ್ಬರು ಹಿರಿಯರ ಮಾತಿಗೆ ನಾವು ಹೇಳಬಯಸುವ ಉತ್ತರ ಹೀಗಿದೆ. ಪಠ್ಯಪುಸ್ತಕ, ಬೆಂಚು, ನಾಮಫಲಕ ಇವು ಚಾರ್ಮಿನಾರಿನ ಚಿತ್ರವಿದ್ದಂತೆ. ಆಮೇಲೆ ಬಂದರೂ ನಡೆಯುತ್ತದೆ. ಮೊದಲ ದಿನವೇ ಇರಬೇಕಾದ ಬೆಳ್ಳಿ ಒಂದೇ. ಯಾವ ರವಿವಾರ ಯಾವ ಮಗು ಮೆಟ್ಟಿಲು ಹತ್ತಿ ಬಂದರೂ ಕೋಣೆಯ ಬಾಗಿಲು ತೆರೆದಿರಬೇಕು, ಒಳಗೆ ಕಲಿಸುವವರು ಕುಳಿತಿರಬೇಕು. ಎರಡು ವಾರ ಬೀಗ ಕಂಡ ಮಗು ಮೂರನೆಯ ವಾರ ಬರುವುದಿಲ್ಲ. ಆದ್ದರಿಂದ ಒಬ್ಬ ಮೇಷ್ಟ್ರ ಬದಲು ಇಬ್ಬರು ಒಪ್ಪಿಕೊಳ್ಳಲಿ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ಸಾಹುಕಾರರ ಪೇಠಿನಂತೆ ಒದಗಲಿ. ನಗರದ ಎಲ್ಲ ಕನ್ನಡಿಗರಿಗೂ ಒಮ್ಮೆಗೇ ಸಾರುವುದು ಬೇಡ. ಪೇಟೆಯ ಸುತ್ತಿನ ಹತ್ತು ಮನೆಗಳಿಂದ ಮೊದಲಾಗಲಿ. ಹೇಗೆ ನಡೆಯಿತೆಂದು ಆ ಹತ್ತು ಮನೆಯವರೇ ಹೇಳಲಿ. ಮಲಕಪೇಟೆ, ಕುಕಟಪಲ್ಲಿಗಳ ಮಕ್ಕಳಿಗೆ ಆಮೇಲೆ ದಾರಿ ಮಾಡೋಣ.

ಈ ಎರಡು ಹೆಸರುಗಳನ್ನು ಕೊಡುವ ಹೊಣೆ ನಮ್ಮೆಲ್ಲರದು. ಒಂದು ಹೆಸರು ನಮ್ಮದಾಗಲಿ ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ಬ್ಯಾಂಕಿನ ಕೆಲಸವನ್ನು ಬಿಟ್ಟರೆ ರವಿವಾರ ನಮಗೆ ಬೇರೆ ನೆಪವಿಲ್ಲ. ಇನ್ನೊಂದು ಹೆಸರಿಗಾಗಿ ಈ ಸಂಚಿಕೆಯ ಓದುಗರನ್ನು ಬೇಡುತ್ತೇವೆ. ಪುಸ್ತಕ ಬರುವತನಕ ಪಾಠಕ್ಕೆ ಏನು ಮಾಡುವುದೆಂದು ಯಾರೂ ಚಿಂತಿಸಬೇಕಾಗಿಲ್ಲ. ಪ್ರತಿಯೊಬ್ಬರ ಜೇಬಿನಲ್ಲಿಯೂ ಹತ್ತು ರೂಪಾಯಿಯ ಒಂದು ನೋಟು ಇದ್ದೇ ಇರುತ್ತದೆ. ಅದರ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು. ಮೊದಲ ರವಿವಾರ ಮಕ್ಕಳು ಅದನ್ನು ಹುಡುಕಿ, ಬೆರಳಿಟ್ಟು, ಗಟ್ಟಿಯಾಗಿ ಓದಲಿ.